ಮೆತ್ತನೆಯ ಗಟ್ಟಿಮೇಳ

ಮಗಳ ಮದುವೆ ಗೊತ್ತಾದ ದಿನದಿಂದ ದೇವಿರಮ್ಮನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಲಕ್ಷ್ಮೀಪುರಂನ ಅಕ್ಕಪಕ್ಕದ ಹೆಂಗಸರು ಅದನ್ನು ಹೆಣ್ಣು ಹೆತ್ತವಳ ಸಡಗರ ಅಂದುಕೊಂಡರು. ಸೀರೆ, ಒಡವೆ, ಚಪ್ಪರ, ಅಡುಗೆಯವರು ಅಂತ ಒಬ್ಬಳೇ ಒದ್ದಾಡುತ್ತಿದ್ದಾಳೆ ಪಾಪ, ಗಂಡ ಪುಟ್ಟಸ್ವಾಮಿ ನೋಡಿದರೆ ಸೌದೆ ಡಿಪೋದಲ್ಲಿ ಕೂತು ನಶ್ಯ ಏರಿಸುತ್ತಾನೆ ಅಂದರು. ನಶ್ಯದ ಮಾತು ನಿಜ. ಉಳಿದದ್ದು ಅವರಿಗೆ ಗೊತ್ತಿರಲಿಲ್ಲ. ದೇವಿರಮ್ಮನನ್ನು ಹಗಲೂ ರಾತ್ರಿ ಕಾಡುತ್ತಿದ್ದದ್ದು ವಾಲಗದ ಚಿಂತೆ.

ಮಗಳು ಪ್ರೇಮಲೀಲಾಳಿಗೆ ಸದ್ದು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ವಿಷಮಶೀತ ಜ್ವರ ಬಂದು ಬಿಟ್ಟ ಮೇಲೆ ಅವಳ ಕಿವಿ ಹೀಗಾಯಿತು. ಹಿತ್ತಾಳೆ ಚೊಂಬು ಕೈಜಾರಿ ಬಿದ್ದರೆ ಹುಡುಗಿ ಗಡಗಡ ನಡುಗುತ್ತಿದ್ದಳು. ಮಂಗಳಾರತಿಯ ಗಂಟೆ ಶುರುವಾದರೆ ಗುಡಿಯಿಂದ ಎದ್ದು ಓಡುತ್ತಿದ್ದಳು. ದಸರೆಯಲ್ಲಿ ಊರೆಲ್ಲ ಕುಶಾಲತೋಪಿನ ಸದ್ದಿಗೆ ಹಿಗ್ಗಿದರೆ ಇವಳು ಸೌದೆ ಕೋಣೆಯಲ್ಲಿ ಕಂಬಳಿ ಹೊದ್ದು ಮುದುಡಿಕೊಳ್ಳುತ್ತಿದ್ದಳು. ಡಾಕ್ಟರು ಕಿವಿಯೊಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಏನೂ ಐಬಿಲ್ಲ ಅಂದರು. ಐಬಿಲ್ಲ ಅಂದಮೇಲೆ ಜನ ಸುಮ್ಮನಿರುತ್ತಾರೆಯೇ? ಕಿವಿ ಸರಿಯಿದ್ದರೆ ತಲೆ ಸರಿಯಿಲ್ಲ ಅಂದರು. ಆ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿ, ಹೆಣ್ಣು ನೋಡಲು ಬಂದ ಒಂದು ಮನೆಯವರು ಅರ್ಧ ಕುಡಿದ ಕಾಫಿ ಕೆಳಗಿಟ್ಟು ಎದ್ದು ಹೋದವರು ಮತ್ತೆ ಬರಲೇ ಇಲ್ಲ.

ಹಾಗಾಗಿ ಈ ಸಲ ದೇವಿರಮ್ಮ ಬಾಯಿ ಬಿಟ್ಟಿರಲಿಲ್ಲ.

ಹುಡುಗ ಮಹದೇವು, ಹೂಟಗಳ್ಳಿಯ ಕಡೆಯವನು, ಊರಾಚೆಯ ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಕೆಲಸ. ಹೆಣ್ಣು ನೋಡಲು ಬಂದಾಗ ಮಾತೇ ಆಡಲಿಲ್ಲ. ಯಾರು ಮಾತಾಡಿದರೂ ಅವರ ಬಾಯನ್ನೇ ನೆಟ್ಟ ನೋಟದಿಂದ ನೋಡುತ್ತಿದ್ದ. ದೊಡ್ಡವರ ಮಾತನ್ನು ಇಷ್ಟು ಗಮನವಿಟ್ಟು ಕೇಳುವ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗುತ್ತಾನೆ ಅಂತ ದೇವಿರಮ್ಮ ಕರಗಿಹೋದಳು. ಅವರು ಹೋದಮೇಲೆ ಪ್ರೇಮಲೀಲಾ ಅಡುಗೆಮನೆಗೆ ಬಂದು ತಟ್ಟೆ ಇಡುತ್ತಾ ಹೇಳಿದಳು.

"ಉಪ್ಪಿಟ್ಟು ಚೆನ್ನಾಗದೆ ಅಂದ ಕಣವ್ವ."

"ಯಾವಾಗಂದ? ನಂಗೆ ಕೇಳ್ಲೇ ಇಲ್ವಲ್ಲ."

"ದನಿ ಬರ್ಲಿಲ್ಲ. ತುಟಿ ಮಾತ್ರ ಆಡುಸ್ದ. ನಂಗೆ ಗೊತ್ತಾಯ್ತು."

ನಾಚಿಕೆಯ ಹುಡುಗ ಅಂತ ದೇವಿರಮ್ಮ ನಕ್ಕಳು. ಪ್ರೇಮಲೀಲಾಳ ಮುಖದಲ್ಲಿ ಆ ದಿನ ಒಂದು ಬೆಳಕಿತ್ತು. ತಟ್ಟೆಗಳನ್ನು ಒಂದರ ಮೇಲೊಂದು ಸದ್ದಾಗದಂತೆ, ನಡುವೆ ಬಟ್ಟೆಯಿಟ್ಟು ಪೇರಿಸುವ ಹುಡುಗಿಗೆ ಸದ್ದಿಲ್ಲದ ಗಂಡೇ ಸಿಕ್ಕಿದನಲ್ಲ ಅಂತ ತಾಯಿಗೂ ಕಣ್ಣು ತುಂಬಿತು.

ಆ ಸಂತೋಷ ವೀಳ್ಯಶಾಸ್ತ್ರದ ದಿನದ ತನಕ ಇತ್ತು. ಅಂದು ಹುಡುಗನ ಅಪ್ಪ ಬೆಟ್ಟೇಗೌಡರು ಎಲೆಗೆ ಸುಣ್ಣ ಹಚ್ಚುತ್ತಾ, ತಮಗೆ ಅದು ಬೇಕು ಇದು ಬೇಕು ಅಂತ ಏನೂ ಇಲ್ಲವೆಂದು ದೊಡ್ಡ ಮನಸ್ಸು ತೋರಿದರು. ಪುಟ್ಟಸ್ವಾಮಿ ಖುಷಿಯಾಗಿ ನಶ್ಯದ ಡಬ್ಬಿ ಮುಂದೆ ನೀಡಿದ. ಬೆಟ್ಟೇಗೌಡರೂ ಅದೇ ಚಟದವರು. ಚಿಟಿಕೆ ಏರಿಸಿ, ಕಣ್ಣೊರೆಸಿಕೊಂಡು, ಆಮೇಲೆ ಬೆರಳೆತ್ತಿದರು.

"ವಾಲಗ ಒಂದು ಜೋರಾಗಿರ್ಬೇಕು ನೋಡಿ ಬೀಗ್ರೇ. ಗಟ್ಟಿಮೇಳ ಅಂದ್ರೆ ಗಟ್ಟಿಮೇಳ! ನಮ್ಮ ಹುಡುಗುನ್ ಕಿವಿಗೆ ಬೀಳಂಗೆ ಬಾರುಸ್ಬೇಕು."

ಬೀಗಿತ್ತಿ ನೀಲಮ್ಮ ಗಂಡನಿಗೆ ಮೊಣಕೈಯಲ್ಲಿ ತಿವಿದದ್ದು ದೇವಿರಮ್ಮನ ಕಣ್ಣಿಗೆ ಬಿತ್ತು. ಯಾಕೆ ತಿವಿದಳೆಂದು ಯೋಚಿಸುವಷ್ಟು ಪುರಸೊತ್ತು ಅವಳ ತಲೆಗಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳ ಮುಖ ಬಿಳುಚಿಕೊಂಡದ್ದನ್ನೇ ನೋಡುತ್ತಿದ್ದಳು.

ಗಟ್ಟಿಮೇಳದ ಸಂಗತಿ ಎಲ್ಲರಿಗೂ ಗೊತ್ತು. ತಾಳಿ ಕಟ್ಟುವ ಗಳಿಗೆಯಲ್ಲಿ ಕೆಟ್ಟ ಮಾತು, ಅಳು, ಒಂಟಿ ಸೀನು ಯಾವುದೂ ಕಿವಿಗೆ ಬೀಳಬಾರದು. ಅದಕ್ಕೇ ಪುರೋಹಿತರು ಬೆರಳೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೂಗುತ್ತಾರೆ, ಡೋಲಿನವನು ಮೈಮೇಲೆ ಬಂದವನಂತೆ ಬಾರಿಸುತ್ತಾನೆ, ನಾಗಸ್ವರ ಚಪ್ಪರ ಹರಿಯುವಂತೆ ಕಿರುಚುತ್ತದೆ. ಮದುವಣಗಿತ್ತಿ ತಲೆತಗ್ಗಿಸಿ ಕೂತಿರಬೇಕು. ತನ್ನ ಮಗಳು ಕೂತಿರುತ್ತಾಳೆಯೇ? ಎರಡೂ ಕಿವಿ ಮುಚ್ಚಿಕೊಂಡು ಹಸೆಮಣೆಯಿಂದ ಎದ್ದು ಓಡುತ್ತಾಳೆ. ಎರಡು ಊರಿನ ಜನರ ಮುಂದೆ ಓಡುತ್ತಾಳೆ. ಓಡಿದ ಮೇಲೆ ಅವಳಿಗೆ ಇನ್ನೆಂದೂ ಮದುವೆಯಿಲ್ಲ.

"ಹೇಳ್ಬುಡವ್ವ ಅವರ್ಗೆ," ಅಂದಳು ಪ್ರೇಮಲೀಲಾ ಆ ಸಂಜೆ. "ಅವನು ಒಳ್ಳೇವ್ನಂಗೆ ಕಾಣ್ತಾನೆ."

"ಒಳ್ಳೇವ್ನಾದ್ರೆ ಅವರಪ್ಪನೂ ಒಳ್ಳೇವ್ನಾ? ಬಾಯ್ ಮುಚ್ಕೊಂಡಿರು. ಮೊದ್ಲು ತಾಳಿ ಬೀಳ್ಲಿ, ಆಮೇಲೆ ಎಲ್ಲ ಹೇಳಾನ."

"ಆಮೇಲೆ ಹೇಳುದ್ರೆ ಮೋಸ ಅಲ್ವೇನವ್ವ?"

ದೇವಿರಮ್ಮ ಎದ್ದು, ಆಗಲೇ ಗುಡಿಸಿದ್ದ ಪಡಸಾಲೆಯನ್ನು ಮತ್ತೊಮ್ಮೆ ಗುಡಿಸಿದಳು.

ಮಾರನೆಯ ದಿನದಿಂದ ಅವಳ ಬೇಟೆ ಶುರುವಾಯಿತು. ಮಗಳು ತಾಳಬಲ್ಲ ವಾದ್ಯ ಊರಲ್ಲಿ ಯಾವುದಾದರೂ ಇದ್ದೇ ಇರುತ್ತದೆ, ಹುಡುಕಿದರಾಯಿತು ಅನ್ನುವುದು ಅವಳ ಹಟ. ಅವರೆಕಾಯಿ ಕಾಲವಾದ್ದರಿಂದ ಒಂದು ಉಪಾಯವೂ ಹೊಳೆಯಿತು. ಪ್ರೇಮಲೀಲಾಳ ಮಡಿಲಿಗೆ ಒಂದು ಮೊರ ಅವರೆಕಾಯಿ ಸುರಿದು ಬಿಡಿಸುವುದಕ್ಕೆ ಕೂರಿಸುವುದು, ಸಂಗೀತ ಕೇಳಿಸುವುದು. ಬಾಯಲ್ಲಿ ಕೇಳಿದರೆ ಹುಡುಗಿ ಅಮ್ಮನ ಮುಖ ನೋಡಿ "ಪರ್ವಾಗಿಲ್ಲ" ಅಂದುಬಿಡುತ್ತಾಳೆ. ಕೈ ಸುಳ್ಳು ಹೇಳುವುದಿಲ್ಲ. ಕೈ ನಿಂತರೆ ಆ ಸಂಗೀತ ಬೇಡ.

ಎದುರು ಮನೆಯ ವೃಷಭೇಂದ್ರಪ್ಪನವರ ಗ್ರಾಮಫೋನಿಗೆ, ಹಾಡು ಶುರುವಾಗುವ ಮೊದಲೇ ಮುಳ್ಳಿನ ಕರಕರಕ್ಕೇ ಕೈ ನಿಂತಿತು. ಪಕ್ಕದ ಬೀದಿಯ ಅಂಬುಜಮ್ಮನ ವೀಣೆ ಎಷ್ಟೋ ವಾಸಿಯಾಗಿತ್ತು, ಆದರೆ ಅಂಬುಜಮ್ಮ ಉತ್ಸಾಹ ಬಂದಾಗಲೆಲ್ಲ ತಂತಿಯನ್ನು ಟಣ್ಣೆನಿಸುತ್ತಿದ್ದಳು, ಕಾಳು ನೆಲಕ್ಕೆ ಚೆಲ್ಲುತ್ತಿತ್ತು. ಕೊಳಲಿನವನನ್ನು ಕರೆಸಿದರೆ ಅವನು ಮೇಲಿನ ಸ್ವರಕ್ಕೆ ಏರಿದವನು ಇಳಿಯಲೇ ಇಲ್ಲ. ಹುಡುಗಿ ಹಲ್ಲು ಕಚ್ಚಿ ಕೂತಳು. ಹಾರ್ಮೋನಿಯಂ ತಂದ ಭಜನೆಯವನು ಹಾಡದೆ ಬರೀ ನುಡಿಸಪ್ಪಾ ಅಂದದ್ದಕ್ಕೆ ಕೋಪಿಸಿಕೊಂಡು ಹೋದ. ಮನೆಯಲ್ಲಿ ಯಾರೂ ತಿನ್ನಲಾರದಷ್ಟು ಅವರೆಕಾಳು ಸೇರಿತು. ಮೂರು ಹೊತ್ತೂ ಹಿದುಕಿದ ಬೇಳೆ ಸಾರು ಉಂಡ ಪುಟ್ಟಸ್ವಾಮಿ ಕೊನೆಗೆ ಗೊಣಗಿದ.

"ಏನೇ ಇದು, ಮದ್ವೆಗೆ ವಾಲಗ ಹುಡುಕ್ತಿದ್ದೀಯೋ, ಅವರೆಕಾಯಿ ಅಂಗಡಿ ಮಡಗ್ತೀಯೋ?"

"ನೀವು ಸುಮ್ನೆ ಉಣ್ಣಿ. ಮಗಳ ಚಿಂತೆ ನಿಮ್ಗಿದ್ದಿದ್ರೆ ನಾನ್ಯಾಕೆ ಅಲೀತಿದ್ದೆ?"

ಕೊನೆಗೆ ಸಿಕ್ಕಿದ್ದು ಇನ್ನಾಸಪ್ಪ ಮೇಷ್ಟ್ರು. ಭಾನುವಾರ ಚರ್ಚಿನ ಹಾಡಿನವರ ಜೊತೆ ಪಿಟೀಲು ನುಡಿಸಿ, ಉಳಿದ ದಿನ ಲಕ್ಷ್ಮೀಪುರಂ ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ತಮ್ಮ ವಿದ್ಯೆಯ ಮೇಲೆ ಅವರಿಗೆ ಸಿಕ್ಕಾಪಟ್ಟೆ ಅಭಿಮಾನ. ಬಂದವರೇ ಕೋಟು ಬಿಚ್ಚಿಟ್ಟು, ಬೆರಳು ಕಾಣದಷ್ಟು ಜೋರಾಗಿ ಒಂದು ಕೃತಿ ಶುರು ಮಾಡಿದರು. ಪ್ರೇಮಲೀಲಾಳ ಕೈ ನಿಂತಿತು.

"ಅದು ಬ್ಯಾಡಿ ಮೇಷ್ಟ್ರೇ," ಅಂದಳು ದೇವಿರಮ್ಮ.

ಮೇಷ್ಟ್ರು ಇನ್ನೊಂದು ನುಡಿಸಿದರು. ಅದೂ ಬೇಡವಾಯಿತು. ಬ್ಯಾಂಡಿನವರು ನುಡಿಸುವಂಥದ್ದೊಂದನ್ನು ನುಡಿಸಿದರು, ಹುಡುಗಿ ಮೊರ ಪಕ್ಕಕ್ಕಿಟ್ಟು ಕಣ್ಣು ಮುಚ್ಚಿದಳು. ಮೇಷ್ಟ್ರ ಮುಖ ಕೆಂಪಗಾಯಿತು. "ನಾನು ಅರಮನೆ ವಿದ್ವಾಂಸರ ಮುಂದೆ ನುಡ್ಸಿದೋನು ಕಣಮ್ಮಾ," ಅಂತ ಸಿಡಿಮಿಡಿಗೊಂಡು, ಹೊರಡುವ ಮೊದಲು ಸಡಿಲವಾಗಿದ್ದ ತಂತಿಯನ್ನು ಬಿಗಿ ಮಾಡಲು ಕೂತರು. ಕಮಾನನ್ನು ಕೆಳಗಿನ ದಪ್ಪ ತಂತಿಯ ಮೇಲೆ ನಿಧಾನವಾಗಿ ಎಳೆದರು. ಮತ್ತೆ ಎಳೆದರು. ಅಟ್ಟದಲ್ಲಿ ದುಂಬಿ ಗುಂಯ್‌ಗುಟ್ಟಿದಂಥ ಸದ್ದು ಪಡಸಾಲೆಯಲ್ಲಿ ತುಂಬಿಕೊಂಡಿತು.

ಪ್ರೇಮಲೀಲಾ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಕಾಯಿ ಬಿಡಿಸಿದಳು. ಇನ್ನೊಂದು ಬಿಡಿಸಿದಳು.

"ಅದೇ!" ದೇವಿರಮ್ಮ ಎದ್ದು ನಿಂತಳು. "ಅದೇ ಮೇಷ್ಟ್ರೇ! ಅದ್ನೇ ನುಡ್ಸಿ!"

"ಇದು ಶ್ರುತಿ ಮಾಡ್ಕೊಳ್ಳೋದು ಕಣಮ್ಮಾ. ಹಾಡಲ್ಲ."

"ನಮ್ಗೆ ಅಷ್ಟೇ ಸಾಕು."

ಮೇಷ್ಟ್ರು ಏಸುವೇ ಅಂತ ಮೇಲೆ ನೋಡಿದರು. ಆದರೆ ಕಾಳು ಬಿಡಿಸುತ್ತಲೇ ಇದ್ದ ಆ ಬೆರಳುಗಳನ್ನು ಅವರೂ ಕಂಡರು. ದೇವಿರಮ್ಮ ರಾಗಿ ಬೀಸುವಾಗ ತನ್ನ ಅವ್ವ ಹೇಳುತ್ತಿದ್ದ ಒಂದು ಧಾಟಿಯನ್ನು ಗುನುಗಿ ತೋರಿಸಿದಳು. ಏರಿಲ್ಲ, ಇಳಿತವಿಲ್ಲ, ಕಲ್ಲು ಸುತ್ತಿದಂತೆ ಸುತ್ತುವ ಧಾಟಿ. ಮೇಷ್ಟ್ರು ಅದನ್ನು ದಪ್ಪ ತಂತಿಯಲ್ಲೇ ಹಿಡಿದು, ಕಮಾನನ್ನು ತಂತಿಗೆ ಸೋಕಿಸಿಯೂ ಸೋಕಿಸದಂತೆ ಎಳೆದರು. ಪ್ರೇಮಲೀಲಾ ತಲೆಯೆತ್ತಿ, "ಇದು ಇರ್ಲಿ ಅವ್ವ," ಅಂದಳು. ಆ ಮಾತು ಕೇಳಿ ದೇವಿರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಅತ್ತು ಮುಗಿಯುವ ಮೊದಲೇ ಮುಂದಿನ ಚಿಂತೆ ಬಂತು. ಪಿಟೀಲಿನಲ್ಲಿ ಗಟ್ಟಿಮೇಳವೇ ಅಂತ ಬೆಟ್ಟೇಗೌಡರು ಕೂಗಾಡಿದರು. ಈಗ ದೊಡ್ಡ ಮನೆಗಳಲ್ಲೆಲ್ಲ ಇದೇ ಫ್ಯಾಶನ್ನು ಅಂತ ದೇವಿರಮ್ಮ ಹಸಿ ಸುಳ್ಳು ಹೇಳಿದಳು. ವಾಲಗವಿಲ್ಲದಿದ್ದರೆ ನಮ್ಮೂರವರು ಉಗಿಯುತ್ತಾರೆ ಅಂತ ಅವರು ಪಟ್ಟು ಹಿಡಿದರು. ಕೊನೆಗೆ ವಾಲಗದವರು ಚಪ್ಪರದಲ್ಲಿ ಕೂರಲಿ, ಹೆಣ್ಣು ಹಸೆಗೆ ಬರುವ ಮೊದಲು ಎಷ್ಟು ಬೇಕಾದರೂ ಬಾರಿಸಲಿ, ಮುಹೂರ್ತಕ್ಕೆ ಪಿಟೀಲು ಇರಲಿ ಅಂತ ರಾಜಿಯಾಯಿತು.

ಡೋಲಿನ ಮರಿಸ್ವಾಮಿಯನ್ನು ದೇವಿರಮ್ಮ ತಾನೇ ಹೋಗಿ ಕಂಡಳು. ಗಟ್ಟಿಮೇಳ ಅನ್ನುವ ಶಬ್ದ ಕಿವಿಗೆ ಬಿದ್ದರೆ ಸಾಕು, ಡೋಲಿನವರ ಕೈ ತಾನಾಗಿ ಏಳುತ್ತದೆ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಪುರೋಹಿತ್ರು ಗಟ್ಟಿಮೇಳ ಅಂದ್ರೂ ಬಾರುಸ್ಬೇಡ ಕಣಪ್ಪ. ಬೀಗ್ರು ಅಂದ್ರೂ ಬಾರುಸ್ಬೇಡ."

"ಮತ್ತೆ ಯಾರ ಮಾತು ಕೇಳ್ಲವ್ವ?"

"ನನ್ನ ಮಾತು. ನಾನು ಹೇಳುದ್ರೆ ಮಾತ್ರ ಬಾರ್ಸು."

ಮರಿಸ್ವಾಮಿ ಡೋಲು ಮುಟ್ಟಿ ಆಣೆ ಮಾಡಿದ.

ಮಾಘದ ಒಳ್ಳೆಯ ಮುಹೂರ್ತ. ಮನೆಮುಂದೆ ಬೀದಿಯಗಲ ಚಪ್ಪರ. ಬೆಳಿಗ್ಗೆ ಎದ್ದವಳೇ ದೇವಿರಮ್ಮ ಗಂಡನ ಅಂಗಿ ಜೇಬಿನಿಂದ ನಶ್ಯದ ಡಬ್ಬಿ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಹೂತಿಟ್ಟಳು. ಆರತಿಯ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿದಳು. ಪಾತ್ರೆ ತೊಳೆಯುವವರಿಗೆ ಹಿತ್ತಲಿಗೆ ಹೋಗಿ ಅಂದಳು. ಅಳುವ ಕೂಸುಗಳ ತಾಯಂದಿರನ್ನು ಹಿಂದಕ್ಕೆ ಕೂರಿಸಿದಳು. ಬೀಗರು ಬಂದರೆ ನಗಲಿಕ್ಕೂ ಅವಳಿಗೆ ನೆನಪಾಗುತ್ತಿರಲಿಲ್ಲ. ಯಾರೋ ಕೆಮ್ಮಿದರೆ ತಿರುಗಿ ನೋಡುತ್ತಿದ್ದಳು.

ಪ್ರೇಮಲೀಲಾ ಹಸೆಗೆ ಬಂದು ಕೂತಳು. ವಾಲಗ ಆಗಲೇ ನಿಂತಿತ್ತು. ಇನ್ನಾಸಪ್ಪ ಮೇಷ್ಟ್ರು ಕಮಾನು ಎಳೆದರು. ರಾಗಿ ಕಲ್ಲಿನ ಧಾಟಿ ಚಪ್ಪರದಡಿ ಹರಡಿಕೊಂಡಿತು. ಜನ ಮೊದಲು ಮುಖಮುಖ ನೋಡಿಕೊಂಡರು, ಆಮೇಲೆ ವಯಸ್ಸಾದ ಹೆಂಗಸರು ಯಾವುದೋ ನೆನಪಿಗೆ ತಲೆದೂಗಿದರು. ಪ್ರೇಮಲೀಲಾಳ ಕೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಮಹದೇವು ತಾಳಿ ಕೈಗೆತ್ತಿಕೊಂಡ. ದೇವಿರಮ್ಮ ಹೇಳಿಕೊಟ್ಟಿದ್ದಂತೆ ಪುರೋಹಿತರು ಬಾಯಿ ಬಿಡದೆ ಬೆರಳು ಮಾತ್ರ ಎತ್ತಿದರು. ಎಷ್ಟೋ ವಾರಗಳ ಮೇಲೆ ದೇವಿರಮ್ಮ ಒಂದು ಪೂರ್ತಿ ಉಸಿರು ಎಳೆದುಕೊಂಡಳು.

ಆಗ ಅವಳ ಕಣ್ಣು ಗಂಡನ ಮೇಲೆ ಬಿತ್ತು.

ಪುಟ್ಟಸ್ವಾಮಿಯ ಮೂಗು ಅರಳುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬಾಯಿ ಮೆಲ್ಲಗೆ ತೆರೆದುಕೊಳ್ಳುತ್ತಿತ್ತು. ಅವನ ಮೂಗಿನ ಕೆಳಗೆ ಕಂದು ಪುಡಿ. ಪಕ್ಕದಲ್ಲಿ ಬೆಟ್ಟೇಗೌಡರ ಕೈಯಲ್ಲಿ ತೆರೆದ ಡಬ್ಬಿ. ತಾಳಿ ಮಗಳ ಕೊರಳ ಹತ್ತಿರ ಬರುತ್ತಿದೆ, ಅಪ್ಪನ ಒಂಟಿ ಸೀನು ಅದಕ್ಕಿಂತ ಮೊದಲು ಬರುತ್ತಿದೆ. ಅಪಶಕುನ. ಮಗಳ ಬಾಳು. ದೇವಿರಮ್ಮನ ಅವ್ವ, ಅವ್ವನ ಅವ್ವ, ಎಲ್ಲರೂ ಅವಳ ಗಂಟಲಿಗೆ ಒಟ್ಟಿಗೆ ಬಂದು ನಿಂತರು.

"ಗಟ್ಟಿಮೇಳ! ಗಟ್ಟಿಮೇಳ!"

ಯಾರು ಕೂಗಿದ್ದು ಅಂತ ಅವಳೇ ಸುತ್ತ ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಆಣೆ ಮಾಡಿದ್ದ ಮರಿಸ್ವಾಮಿ ಆಣೆ ಮುರಿಯಲಿಲ್ಲ. ದೇವಿರಮ್ಮನೇ ಹೇಳಿಯಾಗಿತ್ತು. ಇಷ್ಟು ಹೊತ್ತು ಅದುಮಿಟ್ಟುಕೊಂಡಿದ್ದ ಸದ್ದೆಲ್ಲ ಡೋಲಿನಿಂದ ಒಮ್ಮೆಗೇ ಸಿಡಿಯಿತು, ನಾಗಸ್ವರ ಅದರ ಮೇಲೆ ಏರಿತು.

ಪ್ರೇಮಲೀಲಾ ಎರಡೂ ಕಿವಿ ಮುಚ್ಚಿಕೊಂಡು ಮೊಣಕಾಲಿಗೆ ಹಣೆ ಹಚ್ಚಿದಳು. ಬಾಸಿಂಗ ಓರೆಯಾಯಿತು. ಅವಳ ಬೆನ್ನು ನಡುಗುವುದು ದೂರಕ್ಕೂ ಕಾಣುತ್ತಿತ್ತು. "ಹೆಣ್ಗೆ ಏನಾಯ್ತು? ಹೆಣ್ಗೇನಾಯ್ತು?" ಅಂತ ಜನ ಎದ್ದು ನಿಂತರು. ದೇವಿರಮ್ಮ ನಿಲ್ಲಿಸು ಅನ್ನಲು ಬಾಯಿ ತೆರೆದಳು. ಆ ಅಬ್ಬರದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಅವಳ ಮಾತನ್ನಷ್ಟೇ ಕೇಳುತ್ತೇನೆಂದಿದ್ದ ಮರಿಸ್ವಾಮಿ ಕಣ್ಣು ಮುಚ್ಚಿ ಬಾರಿಸುತ್ತಲೇ ಇದ್ದ.

ಇಡೀ ಚಪ್ಪರದಲ್ಲಿ ಬೆಚ್ಚದವನು ಮಹದೇವು ಒಬ್ಬನೇ. ಅಷ್ಟು ದೊಡ್ಡ ಸದ್ದು ಅವನ ಮೇಲೆ ಬಿದ್ದೇ ಇಲ್ಲವೇನೋ ಅನ್ನುವಂತೆ ಇದ್ದ. ಅವನು ನೋಡಿದ್ದು ಕಿವಿಯ ಮೇಲಿದ್ದ ಹುಡುಗಿಯ ಕೈಗಳನ್ನು. ಬಾಗಿ, ಒಂದು ಬೆರಳಿನಿಂದ ಅವಳ ಮೊಣಕೈ ಮುಟ್ಟಿದ. ಅವಳು ತಲೆಯೆತ್ತಿದಳು. ಅವನ ತುಟಿಗಳು ಅಗಲವಾಗಿ, ನಿಧಾನವಾಗಿ ಆಡಿದವು. ದನಿಯಿರಲಿಲ್ಲ.

ಪ್ರೇಮಲೀಲಾ ಆ ತುಟಿಗಳನ್ನು ನೋಡಿದಳು. ಕಣ್ಣೀರು ಇಳಿಯುತ್ತಿದ್ದಂತೆಯೇ ಹೂಂ ಅಂತ ತಲೆಯಾಡಿಸಿದಳು. ಕಿವಿಯಿಂದ ಕೈ ತೆಗೆಯಲಿಲ್ಲ. ಅವನು ತೆಗೆ ಅನ್ನಲೂ ಇಲ್ಲ. ಎತ್ತಿದ ಅವಳ ಎರಡು ತೋಳುಗಳ ನಡುವೆ ತನ್ನ ಕೈ ತೂರಿಸಿ, ಹರಿದ ನೂಲಿಗೆ ಗಂಟು ಹಾಕುವವನ ತಾಳ್ಮೆಯಿಂದ ಗಂಟು ಹಾಕಿದ.

ಅಷ್ಟು ಹೊತ್ತಿಗೆ ದೇವಿರಮ್ಮ ಓಡಿಹೋಗಿ ಎರಡೂ ಅಂಗೈಯನ್ನು ಡೋಲಿನ ಚರ್ಮದ ಮೇಲೆ ಒತ್ತಿ ಹಿಡಿದಿದ್ದಳು. ಎಲ್ಲ ಒಮ್ಮೆಗೇ ನಿಂತುಹೋಯಿತು. ಆ ಮೌನದಲ್ಲಿ ಪುಟ್ಟಸ್ವಾಮಿ ಸೀನಿದ. ಒಂಟಿ ಸೀನು, ಕೋವಿ ಹಾರಿಸಿದ ಹಾಗೆ.

"ಕಟ್ಟಾಯ್ತು, ಕಟ್ಟಾಯ್ತು! ಆಮೇಲೆ ಬಂದಿದ್ದಕ್ಕೆ ದೋಷ ಇಲ್ಲ," ಅಂತ ಪುರೋಹಿತರು ಬೆವರು ಒರೆಸಿಕೊಂಡರು.

ನೀಲಮ್ಮ ನೇರವಾಗಿ ತನ್ನ ಕಡೆಗೇ ಬರುತ್ತಿರುವುದನ್ನು ಕಂಡು ದೇವಿರಮ್ಮ ಡೋಲು ಬಿಟ್ಟು ಹಿಂದೆ ಸರಿದಳು. ಪಕ್ಕದಲ್ಲಿದ್ದ ಅಕ್ಷತೆಯ ತಟ್ಟೆಯನ್ನು ಎತ್ತಿ ಎದೆಗೆ ಒತ್ತಿಕೊಂಡು ನಿಂತಳು.

"ಬೀಗಿತ್ತಮ್ಮ, ನಿಮ್ಮ ಹುಡ್ಗಿಗೆ ಸದ್ದು ಆಗಲ್ವಾ?"

"ಆಗಲ್ಲ ಕಣಮ್ಮ. ಮೊದ್ಲೇ ಹೇಳ್ಬೇಕಿತ್ತು. ಅವಳು ಹೇಳು ಹೇಳು ಅಂದ್ಲು. ನಾನೇ ಮುಚ್ಚಿಟ್ಬುಟ್ಟೆ. ಏನ್ ಶಿಕ್ಷೆ ಕೊಟ್ರೂ ನಂಗೆ ಕೊಡಿ."

ನೀಲಮ್ಮ ಅಲ್ಲೇ ಚಾಪೆಯ ಮೇಲೆ ಕುಸಿದು ಕೂತು, ಸೆರಗಿಗೆ ಮೂಗು ಒರೆಸಿಕೊಂಡಳು.

"ನಮ್ಮ ಹುಡುಗುನ್ಗೆ ಕೇಳ್ಸಾಕಿಲ್ಲ ಕಣಮ್ಮ. ಆ ಮಗ್ಗದ ಮನೆ ಸದ್ದಿಗೆ ಕಿವಿ ಹೊಂಟೋಗದೆ. ಡೋಲು ಕಿವೀಲಿ ಮಡಗಿ ಬಾರುಸುದ್ರೆ ಎಲ್ಲೋ ಒಸಿ ಕೇಳ್ತದೆ. ಅಲ್ಲಿ ಯಾರ್ಗೂ ಯಾರ್ ಮಾತೂ ಕೇಳ್ಸದಿಲ್ವಂತೆ, ಎಲ್ರೂ ತುಟೀಲೇ ಮಾತಾಡ್ತಾರಂತೆ. ಹೇಳಾನ ಅಂದೆ ನಾನು. ಇವರು, ತಾಳಿ ಬೀಳ್ಲಿ, ಆಮೇಲೆ ಹೇಳಾನ ಅಂದ್ರು."

ದೇವಿರಮ್ಮನಿಗೆ ಮೊದಲು ಸಿಟ್ಟು ಬಂತು. ಇಷ್ಟು ದೊಡ್ಡ ಐಬು ಮುಚ್ಚಿಟ್ಟು ಹುಡುಗನನ್ನು ತಂದು ಕೂರಿಸಿದ್ದಾರಲ್ಲ, ಎಂಥ ಜನ ಇವರು ಅಂತ ಮೈ ಉರಿಯಿತು. ಬಾಯಿಗೆ ಬಂದ ಮಾತು ತನ್ನದೇ ಮುಖಕ್ಕೆ ತಾಗುತ್ತದೆ ಅಂತ ಗೊತ್ತಾಗಿ ನುಂಗಿಕೊಂಡಳು. ಆಮೇಲೆ ತಡೆಯಲಾರದೆ ನಗು ಬಂತು. ನಕ್ಕರೆ ನೀಲಮ್ಮನೂ ನಕ್ಕಳು, ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು.

"ಏನಮ್ಮಾ, ಹಾಡೋ ಶ್ರುತಿಯೋ?" ಅಂತ ಇನ್ನಾಸಪ್ಪ ಮೇಷ್ಟ್ರು ಕಮಾನು ಎತ್ತಿ ಹಿಡಿದು ಕೇಳಿದರು.

"ಅದೇ ಮೇಷ್ಟ್ರೇ. ಅದೇ ದಪ್ಪ ತಂತಿ."

ರಾಗಿ ಕಲ್ಲಿನ ಧಾಟಿ ಮತ್ತೆ ಸುತ್ತತೊಡಗಿತು. ದೇವಿರಮ್ಮ ಹಸೆಯ ಹತ್ತಿರ ಬಂದು ಮಗಳ ಬಾಸಿಂಗ ಸರಿಪಡಿಸಲು ಬಗ್ಗಿದಳು. ಪ್ರೇಮಲೀಲಾ ಕಿವಿಯಿಂದ ಕೈ ತೆಗೆದಿದ್ದಳು. ಅವಳ ತುಟಿಗಳು ಮೆಲ್ಲಗೆ ಆಡುತ್ತಿದ್ದವು, ಒಂದು ಮಾತು, ಮತ್ತೊಂದು ಮಾತು. ಇಷ್ಟು ವರ್ಷ ಆ ಹುಡುಗಿಯ ಸುತ್ತಲಿನ ಒಂದೊಂದು ಸದ್ದನ್ನೂ ಕಾದವಳು ದೇವಿರಮ್ಮ. ಕಿವಿಯನ್ನು ಮಗಳ ಬಾಯಿಯ ಹತ್ತಿರಕ್ಕೇ ತಂದಳು. ಏನೂ ಕೇಳಿಸಲಿಲ್ಲ.

"ಏನಂದೆ ಮಗಾ? ಏನ್ ಬೇಕು?"

ಪ್ರೇಮಲೀಲಾ ಗಂಡನ ಮುಖದಿಂದ ಕಣ್ಣು ಕೀಳದೆ ನಕ್ಕಳು.

"ನಿಂಗಲ್ಲ ಕಣವ್ವ."